ಆಧಾರ ಕೊಟ್ಟ ಮೇಲೆ ಬರೆಯಬೇಕಾದ ಎರಡು ವಾಕ್ಯ

ಈ ಜೂನ್‌ನಲ್ಲಿ ನಮ್ಮ ಬರವಣಿಗೆಯ ತರಗತಿಗೆ ಸೇರುತ್ತಿರುವ ಪಿಯುಸಿ ಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆಗಸ್ಟ್ ಹೊತ್ತಿಗೆ ನಿಮ್ಮಲ್ಲಿ ಬಹಳ ಮಂದಿಯ ಪ್ರಬಂಧದ ಮೇಲೆ ಆರಕ್ಕೆ ಎರಡು ಎಂದು ಕೆಂಪು ಶಾಯಿಯಲ್ಲಿ ಬರೆದಿರುತ್ತದೆ. ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ಪೂರ್ತಿ ಅಂಕ ಪಡೆದು ಊರಿನಲ್ಲಿ ಸನ್ಮಾನ ಮಾಡಿಸಿಕೊಂಡವರಿಗೂ ಇದು ತಪ್ಪಿದ್ದಲ್ಲ. ಆ ಎರಡು ಅಂಕ ನೋಡಿ, ತನಗೆ ಬರೆಯಲು ಬರುವುದಿಲ್ಲ ಎಂದು ತೀರ್ಮಾನಿಸಿ ತರಗತಿ ಬಿಟ್ಟವರನ್ನು ಕಂಡಿದ್ದೇನೆ. ಅವರಲ್ಲಿ ಕೆಲವರು ಬಹಳ ಚೆನ್ನಾಗಿ ಯೋಚಿಸುವವರು. ಅಂಥವರು ಈ ವರ್ಷವೂ ಕೈಬಿಟ್ಟು ಹೋಗಬಾರದು. ಅದಕ್ಕಾಗಿಯೇ ತರಗತಿ ಶುರುವಾಗುವ ಮುಂಚೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮ ತರಗತಿಯ ಚೌಕಟ್ಟು ಎಲ್ಲಿಂದ ಬಂತು ಎಂದು ತಂದೆತಾಯಂದಿರು ಕೇಳುತ್ತಾರೆ. ಅಮೆರಿಕದ ಹೈಸ್ಕೂಲುಗಳಲ್ಲಿ ಕಾಲೇಜು ಮಟ್ಟದ ಪಾಠವನ್ನು ಮುಂಚಿತವಾಗಿಯೇ ಕಲಿಸುವ ‘ಎಪಿ’ ಎಂಬ ವ್ಯವಸ್ಥೆಯಿದೆ. ಅದನ್ನು ನಡೆಸುವುದು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ. ಅದರಲ್ಲಿ ಇಂಗ್ಲಿಷ್ ಭಾಷೆ ಮತ್ತು ಪ್ರಬಂಧ ರಚನೆಗೆಂದೇ ಒಂದು ಕೋರ್ಸ್ ಇದೆ. ಕಥೆ, ಕವಿತೆಗಿಂತ ಭಾಷಣ, ಪತ್ರ, ಲೇಖನಗಳೇ ಅಲ್ಲಿ ಹೆಚ್ಚು. ಮೇ ತಿಂಗಳಲ್ಲಿ ಪರೀಕ್ಷೆ. ಒಂದು ಗಂಟೆಯಲ್ಲಿ 45 ಬಹು ಆಯ್ಕೆಯ ಪ್ರಶ್ನೆಗಳು, ಆ ಬಳಿಕ 2 ಗಂಟೆ 15 ನಿಮಿಷದಲ್ಲಿ ಮೂರು ಪ್ರಬಂಧಗಳು. ಒಟ್ಟು ಫಲಿತಾಂಶದಲ್ಲಿ ಪ್ರಬಂಧಗಳ ಪಾಲು ಶೇ 55. ಮೂರರಲ್ಲಿ ಒಂದು, ಕೊಟ್ಟ ಹಲವು ಆಕರಗಳನ್ನು ಓದಿ, ಅವುಗಳಲ್ಲಿ ಕನಿಷ್ಠ ಮೂರನ್ನು ಬಳಸಿ ನಿಮ್ಮದೇ ನಿಲುವು ಕಟ್ಟುವುದು. ಇನ್ನೊಂದು, ಒಬ್ಬರು ಬರೆದದ್ದನ್ನೋ ಆಡಿದ್ದನ್ನೋ ತೆಗೆದುಕೊಂಡು ಅವರು ಓದುಗರನ್ನು ಹೇಗೆ ಒಪ್ಪಿಸುತ್ತಾರೆ ಎಂದು ಬಿಡಿಸಿ ತೋರಿಸುವುದು. ಮೂರನೆಯದು ಶುದ್ಧ ವಾದ: ಒಂದು ಮಾತು ಕೊಟ್ಟು, ಒಪ್ಪುತ್ತೀರೋ ಇಲ್ಲವೋ, ಏಕೆ ಎಂದು ಕೇಳುವುದು.

ನಾವು ಇಂಗ್ಲಿಷ್ ಕೋರ್ಸನ್ನು ರಾಯಚೂರಿಗೆ ತಂದು ಕೂರಿಸಿಲ್ಲ. ಈ ಮೂರು ಬಗೆಯ ಕೆಲಸ, ಅದಕ್ಕೆ ಅವರು ಅಂಕ ಕೊಡುವ ರೀತಿ, ಇಷ್ಟನ್ನೇ ತೆಗೆದುಕೊಂಡು ಕನ್ನಡದಲ್ಲಿ, ನಮ್ಮ ವಿಷಯಗಳ ಮೇಲೆ ಮಾಡಿಸುತ್ತೇವೆ. ಅಂಕ ಕೊಡುವ ರೀತಿಯನ್ನು ಈಗಲೇ ತಿಳಿದುಕೊಳ್ಳಿ. ಪ್ರತಿ ಪ್ರಬಂಧಕ್ಕೆ ಆರು ಅಂಕ. ನಿಮ್ಮ ನಿಲುವನ್ನು ಒಂದು ವಾಕ್ಯದಲ್ಲಿ ಸ್ಪಷ್ಟವಾಗಿ ಹೇಳಿದ್ದಕ್ಕೆ ಒಂದು. ವಿಷಯದ ತೊಡಕನ್ನು ಅರಿತು ಪಕ್ವವಾಗಿ ಬರೆದದ್ದಕ್ಕೆ ಒಂದು. ಉಳಿದ ನಾಲ್ಕೂ ಆಧಾರಕ್ಕೆ ಮತ್ತು ಆ ಆಧಾರವನ್ನು ವಿವರಿಸಿದ್ದಕ್ಕೆ. ಅಲಂಕಾರಕ್ಕೆ ಅಂಕವಿಲ್ಲ, ದುಂಡಗಿನ ಅಕ್ಷರಕ್ಕೆ ಅಂಕವಿಲ್ಲ, ಪುಟ ತುಂಬಿಸಿದ್ದಕ್ಕಂತೂ ಇಲ್ಲವೇ ಇಲ್ಲ. ಕಾಗುಣಿತ, ವ್ಯಾಕರಣ ಬೇಡವೆಂದಲ್ಲ. ಅವು ಇದ್ದೇ ಇರಬೇಕಾದವು, ಅವುಗಳಿಂದಲೇ ಪ್ರಬಂಧ ನಿಲ್ಲುವುದಿಲ್ಲ.

ಹತ್ತನೆಯ ತರಗತಿಯವರೆಗೆ ನಿಮಗೆ ಕಲಿಸಿದ ಪ್ರಬಂಧಕ್ಕೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಮನೆಗಳಿದ್ದವು. ಪೀಠಿಕೆಯಲ್ಲಿ ಎಲ್ಲರೂ ಬಲ್ಲ ಮಾತು, ವಿವರಣೆಯಲ್ಲಿ ಎಲ್ಲರೂ ಬಲ್ಲ ಅನುಕೂಲ, ಅನಾನುಕೂಲ, ಉಪಸಂಹಾರದಲ್ಲಿ ನಾವೆಲ್ಲರೂ ಕೈಜೋಡಿಸೋಣ ಎಂಬ ಕರೆ. ಗಾದೆ ವಿಸ್ತರಣೆಯದೂ ಇದೇ ಕಥೆ. ‘ಗಾದೆಗಳು ವೇದಗಳಿಗೆ ಸಮಾನ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬ ಸಾಲಿನಿಂದ ಶುರು ಮಾಡದ ಉತ್ತರ ಪತ್ರಿಕೆಯನ್ನು ಹುಡುಕಿದರೂ ಸಿಗುವುದು ಕಷ್ಟ. ಕಲಿಸಿದವರನ್ನು ನಾನು ದೂರುವುದಿಲ್ಲ. ಒಂದೊಂದು ಕೊಠಡಿಯಲ್ಲಿ ಎಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು, ಎಲ್ಲರೂ ಪಾಸಾಗಬೇಕೆಂಬ ಒತ್ತಡದಲ್ಲಿ ಪಾಠ ಮಾಡುವವರಿಗೆ ಈ ಸಿದ್ಧ ಸಾಲುಗಳೇ ದಾರಿ. ಅವು ನಿಮ್ಮನ್ನು ಇಲ್ಲಿಯವರೆಗೆ ತಂದಿವೆ. ಇನ್ನು ಮುಂದೆ ಅವು ಅಡ್ಡ ಬರುತ್ತವೆ.

ಅದಕ್ಕೇ ಮೊದಲ ವಾರದ ಕೆಲಸ ಗಾದೆಯ ಜೊತೆ ಜಗಳ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ಯಾವಾಗ ಸುಳ್ಳಾಗುತ್ತದೆ, ಒಂದು ಪುಟ ಬರೆಯಿರಿ ಎನ್ನುತ್ತೇನೆ. ಅರ್ಧ ತರಗತಿ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತದೆ. ಗಾದೆಯನ್ನು ಒಪ್ಪದಿರಲು ತಮಗೆ ಅನುಮತಿ ಇದೆ ಎಂಬುದೇ ಅವರಿಗೆ ಹೊಸದು. ಒಮ್ಮೆ ದೇವದುರ್ಗ ಕಡೆಯ ಹುಡುಗಿಯೊಬ್ಬಳು ಬರೆದಳು: ಬೀಜ, ಗೊಬ್ಬರಕ್ಕೆ ಸಾಲ ಮಾಡದೆ ತನ್ನ ತಂದೆ ಹತ್ತಿ ಬಿತ್ತಿದ ವರ್ಷವೇ ಇಲ್ಲ, ಇರುವ ಹಾಸಿಗೆಯಷ್ಟೇ ಕಾಲು ಚಾಚಿದ್ದರೆ ಹೊಲ ಬೀಳು ಬೀಳುತ್ತಿತ್ತು, ಈ ಗಾದೆ ತಿಂಗಳಿಗೊಮ್ಮೆ ಸಂಬಳ ಬರುವವರಿಗೆ ಸರಿ, ವರ್ಷಕ್ಕೊಮ್ಮೆ ಫಸಲು ಬರುವವರಿಗೆ ಸರಿಯಲ್ಲ. ಆ ಕೊನೆಯ ಭಾಗವನ್ನು ನಾನು ತರಗತಿಗೆ ಓದಿ ಹೇಳಿದೆ. ಅವಳು ಗಾದೆಯನ್ನು ಸುಳ್ಳೆಂದು ತಳ್ಳಿಹಾಕಲಿಲ್ಲ. ಯಾರಿಗೆ ಅನ್ವಯಿಸುತ್ತದೆ, ಯಾರಿಗಿಲ್ಲ ಎಂದು ಗೆರೆ ಎಳೆದಳು. ನಿಲುವು ಎಂದರೆ ಅದೇ.

ಈಗ ಆ ನಾಲ್ಕು ಅಂಕದ ವಿಷಯ. ನಿಮ್ಮಲ್ಲಿ ಯಾರೂ ಆಧಾರ ಇಲ್ಲದೆ ಬರೆಯುವುದಿಲ್ಲ. ಅಂಕಿ ಅಂಶ, ಗಣ್ಯರ ಮಾತು, ಪತ್ರಿಕೆಯ ಸುದ್ದಿ ತಂದು ಹಾಕುತ್ತೀರಿ. ತಂದು ಹಾಕಿ ಮುಂದಕ್ಕೆ ಹೋಗುತ್ತೀರಿ. ಕಷ್ಟ ಇರುವುದು ಅಲ್ಲಿಯೇ. ಒಂದು ಉದಾಹರಣೆ ನೋಡಿ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ನಿಮಗೆಲ್ಲ ಗೊತ್ತು. ಈ ವಿಷಯ ಕೊಟ್ಟರೆ ಪ್ರತಿ ಮಗುವೂ ಉತ್ಸಾಹದಿಂದ ಬರೆಯುತ್ತದೆ. ಸಾಮಾನ್ಯವಾಗಿ ಬರುವ ಪ್ಯಾರಾ ಹೀಗಿರುತ್ತದೆ: ‘ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದಲ್ಲಿವೆ. ಆದ್ದರಿಂದ ರಾಯಚೂರಿಗೆ ಏಮ್ಸ್ ಕೊಡಲೇಬೇಕು.’

ಅಂಕಿಗಳು ಸರಿಯಾಗಿವೆ. ಬೇಡಿಕೆಯನ್ನು ನಾನೂ ಒಪ್ಪುತ್ತೇನೆ. ಆದರೂ ಇದಕ್ಕೆ ನಾಲ್ಕರಲ್ಲಿ ಒಂದು ಅಂಕ ಸಿಕ್ಕರೆ ಹೆಚ್ಚು. ತಾಲ್ಲೂಕುಗಳ ಹಿಂದುಳಿದಿರುವಿಕೆಗೂ ಒಂದು ದೊಡ್ಡ ಆಸ್ಪತ್ರೆ ಈ ಊರಿನಲ್ಲಿಯೇ ಇರಬೇಕು ಎಂಬುದಕ್ಕೂ ನಡುವೆ ಇರುವ ದಾರಿಯನ್ನು ಬರೆದವರು ನಡೆಯಲೇ ಇಲ್ಲ, ‘ಆದ್ದರಿಂದ’ ಎಂದು ಹಾರಿಬಿಟ್ಟರು. ಧಾರವಾಡದಲ್ಲಿ ಕೂತ ಓದುಗರೊಬ್ಬರು ಕೇಳಬಹುದು: ಹಿಂದುಳಿದ ತಾಲ್ಲೂಕುಗಳಿಗೆ ಬೇಕಿರುವುದು ಒಂದು ದೊಡ್ಡ ಸಂಸ್ಥೆಯೋ, ಪ್ರತಿ ಹೋಬಳಿಗೆ ವೈದ್ಯರಿರುವ ಪ್ರಾಥಮಿಕ ಆರೋಗ್ಯ ಕೇಂದ್ರವೋ? ಕಲಬುರಗಿಯವರು ಕೇಳಬಹುದು: ಆ 21 ತಾಲ್ಲೂಕುಗಳು ಇಡೀ ವಿಭಾಗದವು, ರಾಯಚೂರೇ ಏಕೆ? ಈ ಪ್ರಶ್ನೆಗಳಿಗೆ ಉತ್ತರವಿದೆ. ದೊಡ್ಡ ಬೋಧನಾ ಆಸ್ಪತ್ರೆ ಇದ್ದ ಕಡೆ ವೈದ್ಯರು, ದಾದಿಯರು ತಯಾರಾಗುತ್ತಾರೆ, ಅವರಲ್ಲಿ ಕೆಲವರಾದರೂ ಸುತ್ತಲಿನ ಕೇಂದ್ರಗಳಿಗೆ ಹೋಗುತ್ತಾರೆ ಎಂದು ವಾದಿಸಬಹುದು. ಗಂಭೀರ ಕಾಯಿಲೆ ಬಂದರೆ ಇಲ್ಲಿಯವರು ಹೈದರಾಬಾದಿಗೋ ಬೆಂಗಳೂರಿಗೋ ಹೊರಡುವುದನ್ನು, ಆ ಪ್ರಯಾಣದ ಹೊತ್ತಿನಲ್ಲಿ ಏನೇನು ಕೈತಪ್ಪುತ್ತದೆ ಎಂಬುದನ್ನು ಬರೆಯಬಹುದು. ಅಂಕಿ ಕೊಟ್ಟ ಮೇಲೆ ಬರೆಯಬೇಕಾದ ಎರಡು ವಾಕ್ಯ ಎಂದು ನಾನು ತರಗತಿಯಲ್ಲಿ ಮತ್ತೆ ಮತ್ತೆ ಹೇಳುವುದು ಇದನ್ನೇ. ಈ ಆಧಾರದಿಂದ ನನ್ನ ಮಾತು ಹೇಗೆ ನಿಜವಾಗುತ್ತದೆ, ಒಂದು ವಾಕ್ಯ. ಇದನ್ನು ಒಪ್ಪದವರು ಏನೆನ್ನುತ್ತಾರೆ, ಅವರಿಗೆ ನಾನು ಏನೆನ್ನುತ್ತೇನೆ, ಇನ್ನೊಂದು ವಾಕ್ಯ. ಇವೆರಡೂ ಗೈಡಿನಲ್ಲಿ ಸಿಗುವುದಿಲ್ಲ, ನೋಟ್ಸಿನಲ್ಲಿ ಸಿಗುವುದಿಲ್ಲ. ನೀವೇ ಕೂತು ಯೋಚಿಸಬೇಕು.

ನಮ್ಮವರಿಗೇ ಬರೆಯುವುದು ಬಹಳ ಸುಲಭ, ಅದು ಅಪಾಯವೂ ಹೌದು. ಈಗಾಗಲೇ ಒಪ್ಪಿದವರ ಮುಂದೆ ಗಟ್ಟಿಯಾಗಿ ಹೇಳಿದರೆ ಚಪ್ಪಾಳೆ ಸಿಗುತ್ತದೆ. ಧಾರವಾಡದ ಓದುಗರು ತಲೆದೂಗುವಂತೆ ಬರೆದರೆ ಅದು ವಾದ. ಸಂವಿಧಾನದ 371ಜೆ ವಿಧಿಯಡಿ ನಮ್ಮ ಭಾಗದವರಿಗೆ ಇರುವ ಮೀಸಲಾತಿಯ ಬಗ್ಗೆ ಬರೆಯುವಾಗಲೂ ಇದನ್ನೇ ಹೇಳುತ್ತೇನೆ: ಬೆಂಗಳೂರಿನ ಕಾಲೇಜಿನಲ್ಲಿ ಸೀಟು ಸಿಗದ ಒಬ್ಬ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಬರೆಯಿರಿ, ಅವನನ್ನು ಬೈಯದೆ ಬರೆಯಿರಿ.

ಆಕರಗಳನ್ನು ಓದಿ ಬರೆಯುವ ಪ್ರಬಂಧವೇ ನನಗೆ ಮೂರರಲ್ಲಿ ಹೆಚ್ಚು ಇಷ್ಟ. ಹಿಂದೊಂದು ವರ್ಷ ತುಂಗಭದ್ರಾ ಜಲಾಶಯದ ವಿಷಯ ಕೊಟ್ಟಿದ್ದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆ ನೆನಪು ಇನ್ನೂ ಹಸಿಯಾಗಿತ್ತು. ಆರು ಆಕರಗಳನ್ನು ಜೆರಾಕ್ಸ್ ಮಾಡಿಸಿ ಹಂಚಿದೆ. ಜಲಾಶಯದ ಸಾಮರ್ಥ್ಯ ಕಟ್ಟುವಾಗ ಸುಮಾರು 133 ಟಿಎಂಸಿ ಅಡಿ ಇದ್ದದ್ದು ಹೂಳಿನಿಂದಾಗಿ 105ರ ಆಸುಪಾಸಿಗೆ ಇಳಿದಿರುವುದನ್ನು ತೋರಿಸುವ ಪಟ್ಟಿ ಒಂದು. ಹೂಳೆತ್ತುವುದು ಎಷ್ಟು ಕಷ್ಟ, ಎತ್ತಿದ್ದನ್ನು ಎಲ್ಲಿ ಹಾಕುವುದು ಎಂಬ ಎಂಜಿನಿಯರ್ ಬರಹ ಇನ್ನೊಂದು. ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾವದ ಸುದ್ದಿ, ಎಡದಂಡೆ ಕಾಲುವೆಯ ಮೇಲ್ಭಾಗದ ಭತ್ತದ ರೈತರೊಬ್ಬರ ಮಾತು, ಕೊನೆ ಭಾಗದ ರೈತರು ಜಿಲ್ಲಾಡಳಿತಕ್ಕೆ ಕೊಟ್ಟ ಮನವಿ ಪತ್ರ, ಅಚ್ಚುಕಟ್ಟಿನಲ್ಲಿ ಯಾವ ಬೆಳೆ ಬೆಳೆಯಬೇಕೆಂಬ ನಿಯಮದ ಒಂದು ಪುಟ. ಪ್ರಶ್ನೆ ಇಷ್ಟೇ: ನವಲಿಯಲ್ಲಿ ಹೊಸ ಜಲಾಶಯ ಕಟ್ಟಬೇಕೇ?

ಕಾಲುವೆಯ ಮೇಲ್ಭಾಗದ ಸಿಂಧನೂರು ತಾಲ್ಲೂಕಿನ ಹುಡುಗನೊಬ್ಬ ಬಹಳ ಅಚ್ಚುಕಟ್ಟಾಗಿ ಬರೆದ. ಹೂಳಿನಿಂದ ಸುಮಾರು 28 ಟಿಎಂಸಿ ಕಡಿಮೆಯಾಗಿದೆ, ಹೂಳೆತ್ತಲು ಆಗುವುದಿಲ್ಲ, ಆದ್ದರಿಂದ ನವಲಿ ಜಲಾಶಯವೇ ಪರಿಹಾರ. ಅದನ್ನು ಗಟ್ಟಿಯಾಗಿ ಓದಿಸಿದೆ. ಓದಿ ಮುಗಿಸುವ ಮುಂಚೆಯೇ ಕೊನೆ ಭಾಗದ ಸಿರವಾರ ಕಡೆಯ ಹುಡುಗಿ ಎದ್ದು ನಿಂತಳು.

‘28 ಟಿಎಂಸಿ ವಾಪಸ್ ಬಂತು ಎಂದೇ ಇಟ್ಟುಕೊಳ್ಳೋಣ. ನಮ್ಮ ಊರಿಗೆ ಹೇಗೆ ಬರುತ್ತದೆ? ಈಗ ಬಿಡುವ ನೀರೇ ಕಾಲುವೆಯ 104ನೇ ಮೈಲ್ ದಾಟಿ ಬರುವುದಿಲ್ಲ.’

ಹುಡುಗ ಸ್ವಲ್ಪ ತಡವರಿಸಿ ಹೇಳಿದ: ‘ನೀರು ಹೆಚ್ಚಾದರೆ ತಾನಾಗಿಯೇ ಬರುತ್ತದೆ.’

‘ಹೆಚ್ಚಾದರೆ ನೀವು ಇನ್ನೂ ಹೆಚ್ಚು ಭತ್ತ ಹಚ್ಚುತ್ತೀರಿ.’

ತರಗತಿಯಲ್ಲಿ ಗದ್ದಲವಾಯಿತು. ನಾನು ತಡೆಯಲಿಲ್ಲ. ಆಮೇಲೆ ಅವಳ ಪ್ರಬಂಧವನ್ನೂ ಓದಿಸಿದೆ. ಅದರಲ್ಲಿ ಮೇಲ್ಭಾಗದ ರೈತರೆಲ್ಲ ನೀರು ಕದಿಯುವವರು, ಬೆಳೆ ನಿಯಮ ಮುರಿದವರು, ಅವರಿಗೆ ದಂಡ ಹಾಕಿದರೆ ಸಾಕು ಎಂದಿತ್ತು. ಈಗ ಹುಡುಗನ ಸರದಿ. ‘ನಮ್ಮ ಹೊಲ ಸವಳು-ಜವಳಾಗಿ ಎಷ್ಟೋ ವರ್ಷವಾಯಿತು. ಜೋಳ ಬಿತ್ತಿದರೆ ಬೇರು ಕೊಳೆಯುತ್ತದೆ. ನಮ್ಮ ಅಪ್ಪ ಭತ್ತ ಹಚ್ಚದೆ ಏನು ಹಚ್ಚಬೇಕು?’ ಎಂದು ಕೇಳಿದ. ಅವಳು ಸುಮ್ಮನಾದಳು. ಆ ಹೊಲ ಹಾಗಾದದ್ದು ಹೇಗೆ ಎಂಬ ಪ್ರಶ್ನೆಯನ್ನು ಹಿಂದಿನ ಬೆಂಚಿನಿಂದ ಇನ್ನೊಬ್ಬರು ಎತ್ತಿದರು. ಕಪ್ಪು ಮಣ್ಣಿನಲ್ಲಿ ವರ್ಷಗಟ್ಟಲೆ ನೀರು ನಿಲ್ಲಿಸಿ, ಬಸಿಗಾಲುವೆ ಇಲ್ಲದೆ, ಉಪ್ಪು ಮೇಲೆದ್ದು ಬಂದ ಕಥೆ ಹೊರಬಂತು. ಖುಷ್ಕಿ ಬೆಳೆಗೆ ಆಸರೆಯಾಗಿ ನೀರು ಕೊಡಬೇಕೆಂದು ಯೋಜಿಸಿದ ಕಾಲುವೆ ಭತ್ತದ ಕಾಲುವೆಯಾದದ್ದು, ಭತ್ತ ನೆಲವನ್ನು ಜವಳಾಗಿಸಿದ್ದು, ಜವಳಾದ ನೆಲ ಮತ್ತೆ ಭತ್ತವನ್ನೇ ಕೇಳಿದ್ದು.

ಮುಂದಿನ ವಾರ ಇಬ್ಬರೂ ಮತ್ತೆ ಬರೆದು ತಂದರು. ಹುಡುಗನ ನಿಲುವು ಈಗ ಹೀಗಿತ್ತು: ಹೊಸ ಜಲಾಶಯ ಬೇಕು, ಆದರೆ ಅದರ ನೀರಿನಲ್ಲಿ ಕೊನೆ ಭಾಗದ ಪಾಲನ್ನು ಮೊದಲೇ ನಿಗದಿ ಮಾಡಿ, ಅಳೆಯುವ ವ್ಯವಸ್ಥೆ ಮಾಡದೆ ಕಟ್ಟಿದರೆ ಅದು ಮೇಲ್ಭಾಗದವರ ಜಲಾಶಯವಾಗುತ್ತದೆ. ಹುಡುಗಿಯದು: ದಂಡ ಹಾಕುವ ಮುಂಚೆ ಜವಳು ಭೂಮಿಗೆ ಬಸಿಗಾಲುವೆ ಮಾಡಿಕೊಡಬೇಕು, ಇಲ್ಲದಿದ್ದರೆ ನಿಯಮ ಪಾಲಿಸಲು ಮೇಲ್ಭಾಗದವರಿಗೆ ದಾರಿಯೇ ಇಲ್ಲ. ಇಬ್ಬರೂ ತಮ್ಮ ಊರನ್ನು ಬಿಟ್ಟುಕೊಟ್ಟಿರಲಿಲ್ಲ. ಎದುರಿನವರ ಆಕರವನ್ನು ತಮ್ಮ ವಾದದೊಳಗೆ ತಂದುಕೊಂಡಿದ್ದರು. ಕಾಲೇಜ್ ಬೋರ್ಡ್‌ನವರು ಕೊನೆಯ ಒಂದು ಅಂಕವನ್ನು ಏತಕ್ಕೆ ಇಟ್ಟಿದ್ದಾರೆ ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಪ್ರಬಂಧಗಳನ್ನು ತೋರಿಸುತ್ತೇನೆ. ಮೂರು ತಲೆಮಾರಿನಿಂದ ಸಭೆಗಳಲ್ಲಿ ಕೂಗಾಡಿ ಮುಗಿಯದ ವಿಷಯವನ್ನು ಹದಿನಾರರ ಮಕ್ಕಳು ಇಷ್ಟು ದೂರ ಒಯ್ಯಬಲ್ಲರು ಎಂಬುದನ್ನು ನೋಡಿದಾಗ, ಈ ಜಿಲ್ಲೆಯ ಮಕ್ಕಳಿಗೆ ಬರವಣಿಗೆ ಕಲಿಸುವುದು ಎಷ್ಟು ತುರ್ತಿನ ಕೆಲಸ ಎಂದು ನನಗೆ ಅನಿಸುತ್ತದೆ.

ಆಕರ ಬಳಸುವಾಗ ಒಂದು ಎಚ್ಚರ. ಆರೂ ಆಕರಗಳಿಂದ ಒಂದೊಂದು ಸಾಲು ಎತ್ತಿ ಸಾಲಾಗಿ ಜೋಡಿಸಿದರೆ ಅದು ಪ್ರಬಂಧವಾಗುವುದಿಲ್ಲ, ಸಾರಾಂಶವಾಗುತ್ತದೆ. ಮೊದಲು ಎಲ್ಲವನ್ನೂ ಓದಿ ಮಗುಚಿಟ್ಟು, ನಿಮ್ಮ ನಿಲುವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಆಮೇಲೆ ಯಾವ ಆಕರ ನಿಮ್ಮ ಕಡೆ, ಯಾವುದು ಎದುರು ಕಡೆ ಎಂದು ನೋಡಿ. ಎದುರು ಕಡೆಯದನ್ನು ಬಚ್ಚಿಡಬೇಡಿ. ಅದನ್ನು ಬಿಟ್ಟು ಬರೆದ ಪ್ರಬಂಧ ಅನುಭವಿ ಓದುಗರಿಗೆ ಮೊದಲ ಪುಟದಲ್ಲಿಯೇ ಗೊತ್ತಾಗುತ್ತದೆ.

ಇನ್ನೊಬ್ಬರ ಮಾತನ್ನು ಬಿಡಿಸಿ ನೋಡುವ ಕೆಲಸಕ್ಕೆ ನಾವು ದೂರ ಹೋಗಬೇಕಿಲ್ಲ, ಮಸ್ಕಿಯ ಬಂಡೆ ಸಾಕು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ ಸಿಕ್ಕ ಈ ಶಾಸನದಿಂದಲೇ, ಬೇರೆ ಶಾಸನಗಳಲ್ಲಿ ‘ದೇವಾನಂಪಿಯ’ ಎಂದು ಕರೆಸಿಕೊಳ್ಳುವ ರಾಜ ಅಶೋಕನೇ ಎಂಬುದು ಖಚಿತವಾಯಿತು. ಶಾಲೆಯಲ್ಲಿ ಇಷ್ಟನ್ನು ಓದಿ ಅಂಕ ಪಡೆದಿದ್ದೀರಿ. ಅದರಲ್ಲಿ ಏನು ಬರೆದಿದೆ ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ. ಪ್ರಾಕೃತ ಭಾಷೆಯ, ಬ್ರಾಹ್ಮೀ ಲಿಪಿಯ ಆ ಕೆಲವೇ ಸಾಲುಗಳ ತಾತ್ಪರ್ಯ ಹೀಗಿದೆ. ನಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು. ಸಂಘದ ಬಳಿ ಸಾರಿ ಶ್ರದ್ಧೆಯಿಂದ ನಡೆಯಲು ತೊಡಗಿ ಒಂದು ವರ್ಷ ಮೀರಿತು. ಧರ್ಮದಲ್ಲಿ ನಿರತನಾದ ಸಣ್ಣವನೂ ಈ ಗುರಿಯನ್ನು ಮುಟ್ಟಬಲ್ಲ. ದೊಡ್ಡವರು ಮಾತ್ರ ಮುಟ್ಟುತ್ತಾರೆ ಎಂದು ಭಾವಿಸಬಾರದು. ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು: ಹೀಗೆ ನಡೆದರೆ ಇದು ಬಹುಕಾಲ ಬಾಳುತ್ತದೆ, ಒಂದೂವರೆ ಪಟ್ಟು ಬೆಳೆಯುತ್ತದೆ.

ಮಕ್ಕಳು ಮೊದಲು ಬರೆಯುವುದು ‘ಅಶೋಕನು ಸರಳ ಭಾಷೆಯಲ್ಲಿ ಧರ್ಮವನ್ನು ಬೋಧಿಸಿದ್ದಾನೆ’ ಎಂದು. ಅದು ಶಾಸನ ಓದದೆಯೂ ಬರೆಯಬಹುದಾದ ವಾಕ್ಯ. ಸಾಲು ಸಾಲಾಗಿ ಕೇಳುತ್ತಾ ಹೋಗಿ. ಆಜ್ಞೆ ಮಾಡಬಲ್ಲ ಚಕ್ರವರ್ತಿ ಆಜ್ಞೆಯಿಂದ ಏಕೆ ಶುರು ಮಾಡಲಿಲ್ಲ? ತನ್ನ ಎರಡೂವರೆ ವರ್ಷದ ಲೆಕ್ಕವನ್ನು ಪ್ರಜೆಗಳಿಗೆ ಏಕೆ ಒಪ್ಪಿಸುತ್ತಾನೆ? ಅನುಯಾಯಿಯಾದ ದಿನಕ್ಕೂ ಶ್ರದ್ಧೆ ಬಂದ ದಿನಕ್ಕೂ ನಡುವೆ ವರ್ಷಕ್ಕೂ ಮೀರಿದ ಅಂತರವಿದೆ. ಅದನ್ನು ಮುಚ್ಚಿಡದೆ ಇದ್ದದ್ದರಿಂದ, ಈಗಷ್ಟೇ ಶುರು ಮಾಡುವವನಿಗೆ ಏನು ಅನಿಸುತ್ತದೆ? ‘ದೊಡ್ಡವರು ಮಾತ್ರ ಮುಟ್ಟುತ್ತಾರೆ ಎಂದು ಭಾವಿಸಬಾರದು’ ಎಂಬ ಸಾಲು ಯಾರ ಮನಸ್ಸಿನ ಅನುಮಾನಕ್ಕೆ ಉತ್ತರ? ಆ ಅನುಮಾನವನ್ನು ಯಾರೂ ರಾಜನ ಮುಂದೆ ಬಾಯಿಬಿಟ್ಟು ಹೇಳಿರಲಾರರು. ಅವನೇ ಊಹಿಸಿ, ಅವರ ಪರವಾಗಿ ತಾನೇ ಎತ್ತಿ, ತಾನೇ ನಿವಾರಿಸುತ್ತಾನೆ. ಇಲ್ಲಿಗೆ ಬಂದಾಗ ತರಗತಿಯಲ್ಲಿ ಯಾರಾದರೂ ಒಬ್ಬರಾದರೂ ತಲೆಯೆತ್ತುತ್ತಾರೆ. ಆಧಾರ ಕೊಟ್ಟ ಮೇಲಿನ ಎರಡನೆಯ ವಾಕ್ಯ, ಒಪ್ಪದವರಿಗೆ ಹೇಳುವ ಮಾತು, ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ಜಿಲ್ಲೆಯ ಬಂಡೆಯ ಮೇಲೆಯೇ ಇದೆ. ಕೊಪ್ಪಳದವರು ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ, ಬಳ್ಳಾರಿ ಕಡೆಯವರು ನಿಟ್ಟೂರು, ಉಡೇಗೋಳದಲ್ಲಿ ಅಶೋಕನ ಶಾಸನಗಳನ್ನು ನೋಡಬಹುದು. ರಜೆಯಲ್ಲಿ ಹೋಗಿ ಬನ್ನಿ. ಸುತ್ತಲಿನ ಊರು ಎಷ್ಟು ದೂರ, ದಾರಿ ಎಲ್ಲಿ ಹಾದುಹೋಗುತ್ತದೆ, ಓದುವವರು ಎಲ್ಲಿ ನಿಲ್ಲಬೇಕಿತ್ತು ಎಂದು ಗಮನಿಸಿ. ಯಾರಿಗಾಗಿ ಬರೆದದ್ದು ಎಂಬ ಪ್ರಶ್ನೆಗೆ ಜಾಗವೂ ಅರ್ಧ ಉತ್ತರ ಕೊಡುತ್ತದೆ.

ಭಾಷೆಯ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ಒಂದು ಅಳುಕಿರುತ್ತದೆ. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮಾತನಾಡುವವರು ಇದ್ದೀರಿ. ಮನೆಮಾತು ಕನ್ನಡವೇ ಆದರೂ ಆಡುವ ಕನ್ನಡ ಪಠ್ಯಪುಸ್ತಕದ ಕನ್ನಡವಲ್ಲ ಎಂದು ಕುಗ್ಗುವವರು ಇನ್ನೂ ಹೆಚ್ಚು. 1956ರವರೆಗೆ ಹೈದರಾಬಾದ್ ಸಂಸ್ಥಾನ, ರಾಜ್ಯಗಳಲ್ಲಿದ್ದ ಜಿಲ್ಲೆ ಇದು. ಹಲವು ಭಾಷೆ ಇಲ್ಲಿನ ಬೀದಿಗೆ ಸಹಜ. ಮೊದಲ ಕರಡನ್ನು ನಿಮಗೆ ಯಾವ ಮಾತಿನಲ್ಲಿ ಯೋಚನೆ ಬರುತ್ತದೆಯೋ ಅದರಲ್ಲಿಯೇ ಬರೆಯಿರಿ. ಬರವಣಿಗೆಯ ರೂಪಕ್ಕೆ ತರುವುದು ಎರಡನೆಯ ಕೆಲಸ, ಅದನ್ನು ನಾನು ಕಲಿಸುತ್ತೇನೆ. ಉರ್ದು ಮನೆಮಾತಿನ ಮಕ್ಕಳು ಎಷ್ಟೋ ಸಲ ಉಳಿದವರಿಗಿಂತ ಬಿಗಿಯಾಗಿ ವಾದಿಸುವುದನ್ನು ನೋಡಿದ್ದೇನೆ. ಸಿದ್ಧ ಸಾಲುಗಳು ಅವರ ನಾಲಗೆಯ ಮೇಲೆ ಇಲ್ಲದ್ದರಿಂದ ಪ್ರತಿ ವಾಕ್ಯವನ್ನೂ ಅವರು ಕಟ್ಟಲೇಬೇಕಾಗುತ್ತದೆ.

ವಿಜ್ಞಾನ ವಿಭಾಗದವರ ತಂದೆತಾಯಂದಿರಿಗೆ ಒಂದು ಮಾತು. ನೀಟ್, ಸಿಇಟಿ ಓದಿನ ನಡುವೆ ಇದೇಕೆ ಎಂಬ ನಿಮ್ಮ ಆತಂಕ ಅರ್ಥವಾಗುತ್ತದೆ. ಶನಿವಾರ ಮಧ್ಯಾಹ್ನ ಎರಡು ಗಂಟೆ ಸಾಕು. ಒಂದು ಹೇಳಿಕೆ ಕೊಟ್ಟಾಗ ಇದು ಇದರಿಂದ ಹೇಗೆ ಬಂತು ಎಂದು ಕೇಳುವ ಅಭ್ಯಾಸ ರಸಾಯನಶಾಸ್ತ್ರಕ್ಕೂ ಬೇಕು.

ಮೊಬೈಲಿನಲ್ಲಿ ಪ್ರಶ್ನೆ ಹಾಕಿದರೆ ಪ್ರಬಂಧವೇ ಬಂದುಬಿಡುತ್ತದೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಕಾವಲು ಕಾಯಲು ನನಗೆ ಮನಸ್ಸಿಲ್ಲ. ಕೊನೆ ಭಾಗದ ಹುಡುಗಿ ಎದ್ದು ನಿಂತು ‘ನಮ್ಮ ಊರಿಗೆ ಹೇಗೆ ಬರುತ್ತದೆ’ ಎಂದು ಕೇಳಿದಾಗ ಉತ್ತರ ಕೊಡಬೇಕಾದವರು ನೀವು. ತಾನೇ ಯೋಚಿಸದ ಪ್ರಬಂಧವನ್ನು ಕೈಯಲ್ಲಿ ಹಿಡಿದು ಅಲ್ಲಿ ನಿಲ್ಲುವುದು ಬಹಳ ಕಷ್ಟ. ತರಗತಿಯಲ್ಲಿ ಕೂತು, ಕೈಯಿಂದ, ನಲವತ್ತು ನಿಮಿಷದಲ್ಲಿ ಬರೆಯುವುದನ್ನು ವಾರಕ್ಕೊಮ್ಮೆ ಮಾಡಿಸುತ್ತೇನೆ. ಅದರಲ್ಲಿ ಮೊದಲ ಹತ್ತು ನಿಮಿಷ ಪೆನ್ನು ಮುಟ್ಟದೆ ಯೋಚಿಸಿ. ಪಕ್ಕದವರು ಅಷ್ಟರಲ್ಲಿ ಒಂದು ಪುಟ ಮುಗಿಸಿರುತ್ತಾರೆ, ನೋಡಬೇಡಿ.

ತಿದ್ದಿ ಬರೆಯುವುದನ್ನು ಶಿಕ್ಷೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಒಮ್ಮೆ ಅಂಕ ಬಿದ್ದರೆ ಮುಗಿಯಿತು ಎಂಬ ಭಾವನೆ ಆಳವಾಗಿ ಬೇರೂರಿದೆ. ಇಲ್ಲಿ ಎರಡು ಅಂಕ ಬಿದ್ದ ಪ್ರಬಂಧವನ್ನು ಎಷ್ಟು ಸಲ ಬೇಕಾದರೂ ಬರೆದು ತರಬಹುದು, ನಾನು ಅಷ್ಟೂ ಸಲ ಓದುತ್ತೇನೆ. ಪೂರ್ತಿ ಹೊಸದಾಗಿ ಬರೆಯಬೇಕೆಂದಿಲ್ಲ. ಪ್ರತಿ ಆಧಾರದ ಕೆಳಗೆ ಗೆರೆ ಹಾಕಿ. ಆ ಗೆರೆಯಿಂದ ಮುಂದಿನ ಆಧಾರದವರೆಗೆ ನಿಮ್ಮದೇ ಎಷ್ಟು ವಾಕ್ಯಗಳಿವೆ ಎಂದು ನೋಡಿ. ಒಂದೂ ಇಲ್ಲದ ಕಡೆ ನಿಲ್ಲಿ, ಅಲ್ಲಿ ಬರೆಯಿರಿ. ಸಾಮಾನ್ಯವಾಗಿ ಎರಡರಿಂದ ನಾಲ್ಕಕ್ಕೆ ಏರುವುದು ಇಷ್ಟರಿಂದಲೇ ಆಗುತ್ತದೆ. ನಾಲ್ಕರಿಂದ ಐದಕ್ಕೆ ಹೋಗಲು ಮಾತ್ರ ತಿಂಗಳುಗಳು ಹಿಡಿಯುತ್ತವೆ. ಅಲ್ಲಿ ಸಿಕ್ಕಿಹಾಕಿಕೊಂಡಾಗ ಬಂದು ನನ್ನ ಜೊತೆ ಮಾತನಾಡಿ. ಬಾಯಲ್ಲಿ ಹೇಳುವಾಗ ಬರುವ ವಿವರಣೆ ಕಾಗದದ ಮೇಲೆ ಬಂದಿರುವುದಿಲ್ಲ. ‘ಈಗ ಹೇಳಿದೆಯಲ್ಲ, ಅದನ್ನೇ ಬರೆ’ ಎಂದು ನಾನು ಎಷ್ಟು ಮಕ್ಕಳಿಗೆ ಹೇಳಿದ್ದೇನೋ.

ಓದಿನ ವಿಷಯದಲ್ಲಿ ಹೆಚ್ಚು ಕೇಳುವುದಿಲ್ಲ. ದಿನಕ್ಕೆ ಒಂದು ಸಂಪಾದಕೀಯ ಓದಿ, ವಾರಕ್ಕೊಮ್ಮೆ ಒಂದೇ ವಿಷಯದ ಮೇಲೆ ಎರಡು ಪತ್ರಿಕೆಗಳು ಏನು ಬರೆದಿವೆ ಎಂದು ಜಿಲ್ಲಾ ಗ್ರಂಥಾಲಯದಲ್ಲಿ ಕೂತು ಹೋಲಿಸಿ. ಓದುವಾಗ ನಿಮಗೆ ಒಪ್ಪಿಗೆಯಾಗದ ಮೊದಲ ವಾಕ್ಯದ ಪಕ್ಕದಲ್ಲಿ ನಿಮ್ಮ ವಹಿಯಲ್ಲಿ ಏಕೆ ಎಂದು ಬರೆದುಕೊಳ್ಳಿ.

ಮೊದಲ ಶನಿವಾರ ಬರುವಾಗ ನಿಮ್ಮ ಊರಿನಿಂದ ಒಂದು ಮನವಿ ಪತ್ರದ ಪ್ರತಿ ತನ್ನಿ. ಕುಡಿಯುವ ನೀರಿಗೋ, ಬಸ್ಸಿಗೋ, ಕರೆಂಟಿನ ಟ್ರಾನ್ಸ್‌ಫಾರ್ಮರ್ ಸುಟ್ಟದ್ದಕ್ಕೋ, ಹತ್ತಿ ಖರೀದಿ ಕೇಂದ್ರಕ್ಕೋ, ಯಾವುದಾದರೂ ಸರಿ. ಗ್ರಾಮ ಪಂಚಾಯಿತಿ ಸದಸ್ಯರನ್ನೋ ಸಂಘದವರನ್ನೋ ಕೇಳಿದರೆ ಕೊಡುತ್ತಾರೆ. ಅದರಲ್ಲಿ ಬೇಡಿಕೆ ಎಲ್ಲಿದೆ, ಆಧಾರ ಎಲ್ಲಿದೆ, ಆಧಾರ ಕೊಟ್ಟ ಮೇಲೆ ಏನು ಬರೆದಿದ್ದಾರೆ ಎಂದು ಬಸ್ಸಿನಲ್ಲಿ ಬರುವಾಗ ನೋಡಿಕೊಂಡು ಬನ್ನಿ. ಆ ಮನವಿಯನ್ನು ತಹಶೀಲ್ದಾರರು ತಳ್ಳಿಹಾಕಲಾರದ ಹಾಗೆ ತಿದ್ದುವುದೇ ನಮ್ಮ ಮೊದಲ ಪಾಠ. ತಿದ್ದಿದ ಪ್ರತಿಯನ್ನು ಕೊಟ್ಟವರಿಗೇ ಹಿಂತಿರುಗಿಸೋಣ, ಅವರು ಅದನ್ನು ಮತ್ತೆ ಕಚೇರಿಗೆ ಒಯ್ಯಲಿ.